ಮುರಿದ ಕಂಬದಿಂದ ಚರಂಡಿ ಬಾಯಿಯವರೆಗೆ

ಫೆಬ್ರವರಿ 4

ಮೊಂಡಿ ಮೊಮ್ಮಗಳಿಗೆ,

ನಾನು ಇದ್ದೇನೆ. ನೀನೂ ಇದ್ದೀಯ ಎಂದುಕೊಂಡು ಶುರು ಮಾಡುತ್ತೇನೆ.

ಫೋನ್ ಯಾಕೆ ಮಾಡುವುದಿಲ್ಲ ಎಂದು ಕೇಳಿದ್ದೆಯಲ್ಲ. ಈ ಎರಡು ಕೋಣೆಯ ಮನೆಯಲ್ಲಿ ನಾನು ಪಿಸುಗುಟ್ಟಿದರೂ ನಿಮ್ಮಪ್ಪನ ಕಿವಿಗೆ ಬೀಳುತ್ತದೆ, ನೀನು ಕೂಗಿದರೂ ನನ್ನ ಕಿವಿಗೆ ಬೀಳುವುದಿಲ್ಲ. ಹಳ್ಳಿ ಶಾಲೆಯ ನಾಲ್ಕನೇ ಕ್ಲಾಸು ಇನ್ನೂ ಕೈಕೊಟ್ಟಿಲ್ಲ, ಅದಕ್ಕೇ ಕಾಗದ. ಅಕ್ಷರ ಸೊಟ್ಟಗಿದ್ದರೆ ಕತ್ತು ಸೊಟ್ಟ ಮಾಡಿಕೊಂಡು ಓದು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು ಅಕ್ಷರ ಕಾಣಲಿಲ್ಲ ಎನ್ನಬಾರದು.

ಕಡಲತೀರದಲ್ಲಿ ನಿನ್ನ ಪಾಲಿನ ತುಂಡನ್ನು ನಡೆದುಬಂದೆ. ಒಂದು ವರ್ಷ ಯಾರೂ ನಡೆಯದಿದ್ದರೆ ಹಕ್ಕಿ ಲೆಕ್ಕದ ಸಂಘದವರು ಆ ತುಂಡನ್ನು ಪಟ್ಟಿಯಿಂದಲೇ ಹೊಡೆದುಹಾಕುತ್ತಾರಂತೆ. ಟೀಚರಮ್ಮ ಬಾಗಿಲಿಗೆ ಬಂದು, "ಅಜ್ಜೀ, ನಿಮ್ಮ ಮೊಮ್ಮಗಳ ತುಂಡಿಗೆ ಯಾರೂ ಸಿಗ್ತಾ ಇಲ್ಲ" ಎಂದರು. "ಯಾಕೆ ಸಿಗ್ತಾರಮ್ಮ? ಬೆಳಿಗ್ಗೆ ಎದ್ದು ಪುಕ್ಕಟೆಯಾಗಿ ಸತ್ತ ಹಕ್ಕಿ ಎಣಿಸೋ ಕೆಲಸ" ಎಂದೆ. ಅಂದ ಬಾಯಲ್ಲೇ ಒಪ್ಪಿಕೊಂಡೆ. ನನ್ನ ಬಾಯಿ ನಿನಗೆ ಗೊತ್ತಲ್ಲ, ಒಂದು ಮಾಡು ಎಂದರೆ ಇನ್ನೊಂದು ಮಾಡುತ್ತದೆ.

ಮುರಿದ ಕಂಬದಿಂದ ಚರಂಡಿ ಬಾಯಿಯವರೆಗೆ. ನಿನ್ನ ಕಾಲಿಗೆ ಅದು ಒಂದು ಹಾಡು ಮುಗಿಯುವಷ್ಟು ದೂರ ಇದ್ದೀತು. ನನಗೆ ಇಡೀ ಬೆಳಿಗ್ಗೆ. ತವರಿಗೆ ಹೊರಟ ಸೊಸೆಯನ್ನು ಅತ್ತೆ ಹಿಡಿದು ಹಿಡಿದು ನಿಲ್ಲಿಸುವ ಹಾಗೆ ಮರಳು ಕಾಲು ಹಿಡಿಯುತ್ತದೆ. ಸಂಘದ ಹಾಳೆಯಲ್ಲಿ ಗಾಳಿ ಬರೆದೆ, ನೀರು ಬರೆದೆ, ನಾಯಿ ಬರೆದೆ. ಸತ್ತ ಹಕ್ಕಿ ಮೂರು. ಮುಂದಿನ ವಾರ ಅದನ್ನೇ ಮತ್ತೆ ಎಣಿಸಬಾರದೆಂದು ಕಾಲಿಗೆ ಕೆಂಪು ದಾರ ಕಟ್ಟಿ ಅಲ್ಲೇ ಬಿಡಬೇಕಂತೆ. ಹೂಳಲೂ ಬಾರದಂತೆ. ಒಂದರ ಕಣ್ಣು ತೆರೆದೇ ಇತ್ತು. ಗಂಟು ಹಾಕುವಾಗ "ಸ್ವಲ್ಪ ತಡ್ಕೋ" ಎಂದೆ. ಸತ್ತಿದ್ದಕ್ಕೆ ಹೇಳುತ್ತಿದ್ದೇನೆ ಎಂದು ಆಮೇಲೆ ಹೊಳೆಯಿತು.

ಮಂಡಿ ನೋವಿಗೆ ಡಾಕ್ಟರು ನಡೆಯಲು ಹೇಳಿದ್ದಾರೆ ಎಂದು ನಿಮ್ಮಪ್ಪನಿಗೆ ಹೇಳಿದೆ. "ಮಂಡಿಗೆ ಪೆನ್ನು ಯಾಕೆ?" ಎಂದ. ಅಷ್ಟೇ. ಮತ್ತೆ ಕೇಳಲಿಲ್ಲ. ಹೋದ ವರ್ಷ ಮರಳಿನ ಕಸ ಬಾಚುವ ಅವನ ಟ್ರಾಕ್ಟರ್ ಹಕ್ಕಿಯ ಗೂಡಿನ ಮೇಲೆ ಹೋಯಿತೆಂದು ನೀನು ಹಾಳೆಯಲ್ಲಿ ಬರೆದೆ, ಪುರಸಭೆ ಕಚೇರಿಯವರು ಅವನನ್ನು ಎರಡು ತಿಂಗಳು ಮನೆಯಲ್ಲಿ ಕೂರಿಸಿದರು, ಅವನು ಅನ್ನಬಾರದ್ದನ್ನು ಅಂದ, ನೀನು ಚೀಲ ಎತ್ತಿಕೊಂಡು ಹೋದೆ. ಆವತ್ತಿನಿಂದ ಈ ಮನೆಯಲ್ಲಿ ಕಡಲು ಎನ್ನುವ ಮಾತೇ ಇಲ್ಲ. ಬಾಗಿಲು ತೆಗೆದರೆ ಎದುರಿಗೇ ಇದೆ, ಆದರೂ ಇಲ್ಲ.

ನಿನ್ನ ಅಜ್ಜಿ


ಫೆಬ್ರವರಿ 19

ಅಜ್ಜಿ,

ನಿನ್ನ ಹಾಳೆಗಳ ನಕಲನ್ನು ಟೀಚರಮ್ಮ ಕಳಿಸಿದರು. ನೀರಿನ ಬಣ್ಣ: "ಅಸಹ್ಯ". ಜನ: "ಒಬ್ಬ ಸೋಮಾರಿ, ಇಬ್ಬರು ನಾಚಿಕೆ ಬಿಟ್ಟವರು". ಅಂಗಡಿಯಲ್ಲಿ ಲೆನ್ಸ್ ಉಜ್ಜುತ್ತಾ ನಗು ಬಂದು ಮಾಲೀಕರ ಹತ್ತಿರ ಬೈಸಿಕೊಂಡೆ. ಆದರೆ ಹಾಗೆಲ್ಲ ಬರೆಯಬೇಡ. ಬಣ್ಣ ಎಂದರೆ ಕಂದೋ, ಹಸಿರೋ ಅಷ್ಟೇ. ಜನ ಎಂದರೆ ಮೂವರು ಅಷ್ಟೇ. ನಮಗೆ ಏನನ್ನಿಸಿತು ಎನ್ನುವುದು ಅಲ್ಲಿ ಬೇಡ. ಅನ್ನಿಸಿದ್ದನ್ನು ಬರೆದರೆ ಕಚೇರಿಯವರು ಕಂಡದ್ದನ್ನೂ ನಂಬುವುದಿಲ್ಲ.

ಇನ್ನೇನು ಓಟದ ಹಕ್ಕಿಗಳು ಬರುತ್ತವೆ. ಮರಳಿನದೇ ಬಣ್ಣ, ಕೀಲಿ ಕೊಟ್ಟ ಆಟಿಕೆಯ ಹಾಗೆ ಓಡಿ ಓಡಿ ನಿಲ್ಲುತ್ತವೆ. ಅವಕ್ಕೆ ಗೂಡು ಎಂದರೆ ಮರಳಲ್ಲಿ ಒಂದು ಗುಳಿ, ಅಷ್ಟೇ. ಮೊಟ್ಟೆಯೂ ಮರಳಿನ ಬಣ್ಣ. ಕಂಡರೆ ದೂರ ನಿಂತು ಬರಿ. ಹತ್ತಿರ ಹೋಗಬೇಡ, ಕೋಲು ನೆಡಬೇಡ, ಸುತ್ತ ಕಲ್ಲು ಇಡಬೇಡ. ನಾವು ಗುರುತಿಟ್ಟರೆ ಕಾಗೆ ಆ ಗುರುತು ಕಲಿತುಬಿಡುತ್ತದೆ.

ಟ್ರಾಕ್ಟರ್ ಈಗ ಎಷ್ಟು ಹೊತ್ತಿಗೆ ಬರುತ್ತದೆ? ಎಷ್ಟು ಮೇಲಿನವರೆಗೆ ಬಾಚುತ್ತದೆ?

ನಿನ್ನ ಮೊಂಡಿ


ಮಾರ್ಚ್ 8

ಮೊಂಡಿ,

ಟ್ರಾಕ್ಟರ್ ಚೆನ್ನಾಗಿದೆ. ಹೊಸ ಟೈರು ಹಾಕಿಸಿದ್ದಾರೆ. ಅದರ ಮೇಲೆ ಕೂರುವವನಿಗೆ ಕತ್ತು ಹಿಡಿದುಕೊಂಡಿದೆ. ನೀನು ಕೇಳಲಿಲ್ಲ, ಆದರೂ ಹೇಳಿದೆ.

ಕತ್ತು ಹಿಡಿಯದೆ ಇನ್ನೇನಾದೀತು? ನಾನು ಇಷ್ಟು ವರ್ಷ ಅವನ ಕತ್ತಿಗೆ ಎಣ್ಣೆ ತಿಕ್ಕಿದ್ದೇನೆ, ಯಾಕೆ ಹಿಡಿಯುತ್ತದೆ ಎಂದು ಮೊನ್ನೆ ಮರಳಲ್ಲಿ ನಿಂತು ನೋಡಿದಾಗಲೇ ತಿಳಿದದ್ದು. ಟ್ರಾಕ್ಟರ್ ಹಿಂದೆ ದೊಡ್ಡ ಬಾಚಣಿಗೆ ಇದೆಯಲ್ಲ, ಅದರ ಹಲ್ಲಿಗೆ ಹಗ್ಗವೋ ಬಲೆಯೋ ಸಿಕ್ಕಿದರೆ ಮುರಿಯುತ್ತದೆ. ಅದಕ್ಕೇ ಅವನು ಮುಂದೆ ಹೋಗುತ್ತಾ ಹಿಂದೆ ನೋಡುತ್ತಿರುತ್ತಾನೆ. ಮುಂದೆ ಆನೆ ಮಲಗಿದ್ದರೂ ಅವನಿಗೆ ಕಾಣುವುದಿಲ್ಲ.

ಇದನ್ನು ಅವನ ಪರ ವಹಿಸಿ ಬರೆಯುತ್ತಿಲ್ಲ. ಕಂಡದ್ದನ್ನು ಬರೆ ಎಂದೆಯಲ್ಲ, ಬರೆದೆ.

ಪಕ್ಕದ ತುಂಡನ್ನು ನಡೆಯುವವನು ಮುದಿ ದರ್ಜಿ. ಬಿಸಿಲಿರಲಿ ಇಲ್ಲದಿರಲಿ ಕೊಡೆ ಬಿಡಿಸಿಕೊಂಡೇ ನಡೆಯುತ್ತಾನೆ. ಚರಂಡಿ ಬಾಯಿಯ ಹತ್ತಿರ ಇಬ್ಬರೂ ಕೂಡುತ್ತೇವೆ.

"ಏನಜ್ಜಿ, ಇವತ್ತು ಎಷ್ಟು ಸತ್ತಿವೆ?"

"ನಾಲ್ಕು. ನಿನ್ನನ್ನ ಸೇರಿಸಿದ್ರೆ ಐದು."

"ನನ್ನ ಕಾಲಿಗೆ ದಾರ ಕಟ್ಟೋಕೆ ಬರಬೇಡಿ, ನನ್ನ ಹತ್ರ ಬೇಕಾದಷ್ಟು ದಾರ ಇದೆ."

ಹೀಗೆ. ನಕ್ಕು ಒಂದಿಷ್ಟು ಹೊತ್ತು ಕೂರುತ್ತೇವೆ. ಎದ್ದರೆ ಮನೆಗೆ ಹೋಗಬೇಕಲ್ಲ ಎಂದು ಇನ್ನೊಂದಿಷ್ಟು ಹೊತ್ತು ಕೂರುತ್ತೇವೆ.

ಮೊಂಡಿ, ನನಗೆ ಸುಸ್ತಾಗಿದೆ. ಕಾಲಿನ ಸುಸ್ತು ಮಲಗಿದರೆ ಹೋಗುತ್ತದೆ. ತಟ್ಟೆಯ ಎದುರು ಕೂತೂ ಮಾತಾಡದಿರುವ ಮನುಷ್ಯನಿಗೆ ದಿನಾ ಬಡಿಸುವ ಸುಸ್ತು ಹೋಗುವುದಿಲ್ಲ. ನಿಮ್ಮಮ್ಮ ಬದುಕಿದ್ದಿದ್ದರೆ ಅವಳು ಬಡಿಸುತ್ತಿದ್ದಳು, ನಾನು ಒಳಗೆ ಕೂತು ಇಬ್ಬರನ್ನೂ ಬೈಯುತ್ತಿದ್ದೆ. ನನಗೆ ಒಪ್ಪುವ ಕೆಲಸ ಅದು.

ಅಜ್ಜಿ


ಮಾರ್ಚ್ 30

ಮೊಂಡಿ,

ಓಟದ ಹಕ್ಕಿ ಮೊಟ್ಟೆ ಇಟ್ಟಿದೆ. ಮೂರು. ಅಲೆ ಮುಟ್ಟದ ಮೇಲಿನ ಸಾಲಿನಲ್ಲಿ, ಒಣ ಪಾಚಿಯ ಪಕ್ಕ. ನನ್ನ ಕಣ್ಣಿಗೆ ಬೀಳಲಿಲ್ಲ, ದರ್ಜಿ ತೋರಿಸಿದ. ತೋರಿಸಿದ ಮೇಲೂ ನಾನು ಬೇರೆ ಎಲ್ಲೋ ನೋಡಿ ಹೂಂ ಅಂದೆ. ಹಕ್ಕಿ ಎದ್ದು ಓಡಿದಾಗ ಕಂಡಿತು.

ಸಂತೋಷ ಪಡಬೇಡ. ಈ ತಿಂಗಳಿಂದ ಕಚೇರಿಯ ಹೊಸ ಆಜ್ಞೆ. ರಜೆಯ ಜನ ಬರುತ್ತಾರೆಂದು ಮೇಲಿನ ಸಾಲಿನವರೆಗೂ ಬಾಚಬೇಕಂತೆ. ಬಿಟ್ಟ ಜಾಗ ಕಂಡರೆ ಮೇಸ್ತ್ರಿ ಫೋಟೋ ತೆಗೆದು ಕಳಿಸುತ್ತಾನಂತೆ. ಗೂಡಿರುವ ಕಡೆಗೆ ಟ್ರಾಕ್ಟರ್ ಇನ್ನೂ ಬಂದಿಲ್ಲ. ಕಂಬದ ಕಡೆಯಿಂದ ದಿನಕ್ಕಿಷ್ಟು ಎಂದು ಬರುತ್ತಿದೆ.

ಇನ್ನು ಸುಮ್ಮನಿರುವುದು ಆಗಲಿಲ್ಲ. ಊಟಕ್ಕೆ ಕೂತಾಗ ಬಾಯಿ ತೆಗೆದೆ.

"ಮಗಾ, ಒಂದು ಮಾತು."

"ಉಪ್ಪು ಸರಿಯಾಗಿದೆ."

"ಉಪ್ಪಿನ ಮಾತಲ್ಲ. ಮೇಲಿನ ಸಾಲಲ್ಲಿ..."

ತಟ್ಟೆ ದೂಡಿದ. "ಅಮ್ಮಾ, ಹೇಳ್ಬೇಡ. ನನಗೆ ಏನೂ ಗೊತ್ತಿಲ್ಲ. ಗೊತ್ತಿಲ್ಲದೆ ಹೋದ್ರೆ ಅದು ಅಚಾತುರ್ಯ. ಗೊತ್ತಿದ್ದೂ ಹೋದ್ರೆ ತಪ್ಪು. ಗೊತ್ತಿದ್ದು ಬಿಟ್ರೆ ಮೇಸ್ತ್ರಿ ಕೇಳ್ತಾನೆ, ಯಾಕೋ ಬಾಚಿಲ್ಲ ಅಂತ. ಏನಂತ ಹೇಳ್ಲಿ, ನಮ್ಮಮ್ಮ ಹಕ್ಕಿ ಕಾಯ್ತಾಳೆ ಅಂತ ಹೇಳ್ಲಾ?"

"ಹೇಳು. ನಾಚಿಕೆ ಏನಿದೆ ಅದ್ರಲ್ಲಿ?"

"ಇನ್ನೊಂದು ಸಲ ನನ್ನ ಹೆಸರು ಆ ಹಾಳೆಯಲ್ಲಿ ಬಂದ್ರೆ ಕೆಲಸಾನೇ ಇಲ್ಲ ಅಂದಿದ್ದಾರೆ. ಈ ವಯಸ್ಸಲ್ಲಿ ನನಗೆ ಯಾರು ಕೆಲಸ ಕೊಡ್ತಾರೆ? ನನ್ನ ಮಗಳು ಬರೆದಳು, ತಡ್ಕೊಂಡೆ. ಇನ್ನು ನನ್ನ ಅಮ್ಮ ಬರೀತಾಳೆ."

ಕೈ ತೊಳೆದುಕೊಂಡು ಮಲಗಿದ. ತಟ್ಟೆಯಲ್ಲಿ ಅರ್ಧ ಹಾಗೇ ಇತ್ತು.

ಈಗ ಹೇಳು, ಓದಿದವಳೇ. ಟ್ರಾಕ್ಟರ್ ಗೂಡಿನ ಹತ್ತಿರ ಬಂದರೆ ನಾನು ಬರೆಯಲೋ ಬೇಡವೋ?

ಅಜ್ಜಿ


ಏಪ್ರಿಲ್ 6

ಅಜ್ಜಿ,

ಬರಿ.

ಈ ಒಂದು ಪದ ಬರೆದು ಎರಡು ದಿನ ಕಾಗದವನ್ನು ಹಾಗೇ ಇಟ್ಟುಕೊಂಡಿದ್ದೆ. ಬೇರೆ ಏನೂ ತೋಚಲಿಲ್ಲ. ಗಾಲಿಯ ಗುರುತು ಗೂಡಿನಿಂದ ಹತ್ತು ಹೆಜ್ಜೆಯ ಒಳಗೆ ಬಂದಿದ್ದರೆ ಬರೆಯಲೇಬೇಕು, ಅದು ನಿಯಮ. ಅಪ್ಪನದಾದರೂ ಅಷ್ಟೇ, ಬೇರೆಯವರದಾದರೂ ಅಷ್ಟೇ. ನೀನು ಬರೆಯದಿದ್ದರೆ ನಾನು ಮನೆ ಬಿಟ್ಟು ಬಂದದ್ದು ಯಾತಕ್ಕೆ? ಇಲ್ಲಿ ಒಂದು ಕೋಣೆಯಲ್ಲಿ ನಾಲ್ಕು ಜನ ಮಲಗುತ್ತೇವೆ. ಕಿಟಕಿ ತೆಗೆದರೆ ಗೋಡೆ ಕಾಣುತ್ತದೆ.

ಅಪ್ಪನ ಕತ್ತಿಗೆ ಬಿಸಿನೀರಿನ ಬಟ್ಟೆ ಇಡು. ನಾನು ಹೇಳಿದೆ ಎಂದು ಹೇಳಬೇಡ.

ನಿನ್ನ ಮೊಂಡಿ


ಏಪ್ರಿಲ್ 15

ಮೊಂಡಿ,

ನಾನೊಂದು ಬುದ್ಧಿವಂತಿಕೆ ಮಾಡಿದೆ. ಹೇಳುತ್ತೇನೆ, ಮಧ್ಯೆ ಬಾಯಿ ಹಾಕದೆ ಓದು.

ಟ್ರಾಕ್ಟರ್ ಗೂಡಿನ ಹತ್ತಿರ ಬರುವ ದಿನ ಬಂತು. ಅವನಿಗೆ ಹೇಳುವ ಹಾಗಿಲ್ಲ, ಅವನು ಕೇಳುವುದಿಲ್ಲ. ಕೋಲು ನೆಡಬೇಡ, ಕಲ್ಲು ಇಡಬೇಡ ಎಂದೆ ನೀನು. ಕುರ್ಚಿ ಇಡಬೇಡ ಎಂದು ನೀನೂ ಹೇಳಿಲ್ಲ, ಟೀಚರಮ್ಮನೂ ಹೇಳಿಲ್ಲ. ಅಲೆ ತಂದು ಹಾಕಿದ ಒಂದು ಪ್ಲಾಸ್ಟಿಕ್ ಕುರ್ಚಿ ಬಿದ್ದಿತ್ತು, ಮೂರು ಕಾಲಿನದು. ಸಂಜೆ ಅದನ್ನು ಎಳೆದು ತಂದು ಮೊಟ್ಟೆಗಳ ಮೇಲೆ ನೆರಳಾಗುವ ಹಾಗೆ ನಿಲ್ಲಿಸಿದೆ. ಮಗ ಹಿಂದೆ ನೋಡುತ್ತಾ ಬಂದರೂ ಬಿಳಿ ಕುರ್ಚಿ ಎಂಥವನ ಕಣ್ಣಂಚಿಗೂ ಬೀಳುತ್ತದೆ, ಸುತ್ತಿಕೊಂಡು ಹೋಗುತ್ತಾನೆ, ಮೇಸ್ತ್ರಿ ಕೇಳಿದರೆ ಕುರ್ಚಿ ಇತ್ತು ಎನ್ನುತ್ತಾನೆ. ಹಕ್ಕಿಯೂ ಉಳಿಯಿತು, ಕೆಲಸವೂ ಉಳಿಯಿತು, ನನ್ನ ಪೆನ್ನೂ ಉಳಿಯಿತು. ಹೀಗೆ ಅಂದುಕೊಂಡು ನೆಮ್ಮದಿಯಾಗಿ ನಿದ್ದೆ ಮಾಡಿದೆ ನೋಡು, ಎಷ್ಟೋ ತಿಂಗಳ ಮೇಲೆ.

ಬೆಳಿಗ್ಗೆ ಹೋಗಿ ಕಡಲಿನ ತಡೆಗೋಡೆಯ ಹಿಂದೆ ನಿಂತೆ. ಕುರ್ಚಿಯ ಬೆನ್ನಿನ ಮೇಲೆ ಕಾಗೆ ಕೂತಿತ್ತು. ಮರಳಲ್ಲಿ ಕಾಗೆಗೆ ಕೂರಲು ಜಾಗವೇ ಇರಲಿಲ್ಲ, ನಾನು ಆಸನ ಹಾಕಿ ಕೊಟ್ಟಿದ್ದೆ. ಕೂಗುತ್ತಾ ಓಡಿದೆ. ಓಡಿದೆ ಎಂದರೆ ನನ್ನ ಓಟ. ಅಷ್ಟರಲ್ಲಿ ಒಂದು ಮೊಟ್ಟೆ ಅದರ ಬಾಯಲ್ಲಿತ್ತು.

ಅದೇ ಹೊತ್ತಿಗೆ ಟ್ರಾಕ್ಟರ್ ಬಂತು. ಸುತ್ತಿಕೊಂಡು ಹೋಗಲಿಲ್ಲ. ಅವನ ಕೆಲಸವೇ ಬಿದ್ದ ಕುರ್ಚಿ ಎತ್ತುವುದಲ್ಲವೇ? ಅದು ನನ್ನ ಬುದ್ಧಿಗೆ ಹೊಳೆದಿರಲೇ ಇಲ್ಲ. ಇಷ್ಟು ವರ್ಷ ಅವನ ಅಂಗಿಯ ಮರಳು ಕೊಡವಿದವಳು ನಾನು, ಅವನು ಅಲ್ಲಿ ಏನು ಮಾಡುತ್ತಾನೆ ಎಂದು ಯೋಚಿಸಿರಲಿಲ್ಲ. ಕುರ್ಚಿಯ ತೀರಾ ಹತ್ತಿರ ತಂದು ನಿಲ್ಲಿಸಿ, ಇಳಿದು, ಕುರ್ಚಿ ಎತ್ತಿದ.

ಎತ್ತಿದವನು ಹಾಗೇ ನಿಂತ. ಅವನ ಕಾಲ ಬುಡದಲ್ಲೇ ಹಕ್ಕಿ ರೆಕ್ಕೆ ಮುರಿದ ಹಾಗೆ ಎಳೆದುಕೊಂಡು ಎಳೆದುಕೊಂಡು ದೂರ ಹೋಗುತ್ತಿತ್ತು. ಶತ್ರುವನ್ನು ಮೊಟ್ಟೆಯಿಂದ ದೂರ ಕರೆದೊಯ್ಯಲು ಹಾಗೆ ನಾಟಕ ಮಾಡುತ್ತದಂತೆ, ನೀನೇ ಹೇಳಿದ್ದೆ. ಅವನಿಗೆ ಗೊತ್ತಿರಲಿಲ್ಲ.

"ಅಮ್ಮಾ, ಇದಕ್ಕೇನೋ ಏಟಾಗಿದೆ. ನಾನು ತಾಗಿಸಿಲ್ಲ. ನಿಜವಾಗ್ಲೂ ತಾಗಿಸಿಲ್ಲ."

"ಏಟಾಗಿಲ್ಲ ಕಣೋ. ನಿನ್ನನ್ನ ಕಂಡು ಹಾಗೆ ಮಾಡ್ತಿದೆ."

"ನನ್ನನ್ನ ಕಂಡು?"

"ಹೂಂ. ನಿನ್ನನ್ನ ಕಂಡು."

ಕುರ್ಚಿ ಹಿಡಿದುಕೊಂಡೇ ಇದ್ದ. ಐವತ್ತು ದಾಟಿದ ಗಂಡಸು, ಬೈಸಿಕೊಂಡ ಮಗುವಿನ ಮುಖ. ಆಮೇಲೆ ಕುರ್ಚಿಯನ್ನು ಗಾಡಿಗೆ ಎಸೆದು, ಹಿಂದೆ ನೋಡುವುದನ್ನು ಬಿಟ್ಟು ಮುಂದೆ ನೋಡುತ್ತಾ, ದೊಡ್ಡದಾಗಿ ಸುತ್ತಿಕೊಂಡು ಹೋದ. ಮರಳಲ್ಲಿ ಅರ್ಧ ಚಂದ್ರದ ಹಾಗೆ ಗುರುತು ಬಿತ್ತು.

ಆದರೆ ಮೊದಲು ಬಂದು ನಿಂತಿದ್ದನಲ್ಲ, ಆ ಗುರುತು ಗೂಡಿನಿಂದ ಮೂರೇ ಹೆಜ್ಜೆ.

ಮನೆಗೆ ಬಂದು ಹಾಳೆ ತುಂಬಿದೆ. ಕಳಿಸುವ ಮುಂಚೆ ಅವನಿಗೆ ಓದಿದೆ. ಗಾಲಿಯ ಗುರುತು, ಮೂರು ಹೆಜ್ಜೆ. ಮೊಟ್ಟೆ ಒಂದು ನಷ್ಟ, ಕಾಗೆಯಿಂದ, ನಾನಿಟ್ಟ ಕುರ್ಚಿಯಿಂದ.

"ತಿರುಗಿಸ್ಕೊಂಡು ಹೋದೆ ಅಂತ ಬರೆದ್ಯಾ?" ಎಂದ.

"ಬರೆದೆ."

"ಅದಕ್ಕೆ ಕಾಲಂ ಇದ್ಯಾ?"

"ಇಲ್ಲ. ಅಂಚಲ್ಲಿ ಬರೆದೆ."

"ಅಂಚನ್ನ ಯಾರು ಓದ್ತಾರಮ್ಮ" ಎಂದ. ಸಿಟ್ಟಿನಿಂದ ಅಲ್ಲ. ಸಿಟ್ಟಿನಿಂದ ಅಂದಿದ್ದರೆ ನಾನೂ ಎರಡು ಅಂದು ಹಗುರಾಗುತ್ತಿದ್ದೆ. ಆಮೇಲೆ, "ಕಳಿಸು. ಗುರುತು ಇದ್ಯಲ್ಲ, ಇಲ್ಲ ಅನ್ನೋಕಾಗುತ್ತಾ?" ಎಂದು ಲಕೋಟೆಗೆ ತಾನೇ ಅಂಟು ತಂದುಕೊಟ್ಟ.

ನೀನು ಬರಿ ಎಂದೆ, ಬರೆದಿದ್ದೇನೆ.

ಅಜ್ಜಿ


ಏಪ್ರಿಲ್ 29

ಮೊಂಡಿ,

ನಿನ್ನಿಂದ ಕಾಗದವಿಲ್ಲ. ಅಂಗಡಿಯಲ್ಲಿ ಕೆಲಸ ಜಾಸ್ತಿ ಇರಬೇಕು. ಊರಿನ ಕಣ್ಣೆಲ್ಲ ಒಟ್ಟಿಗೇ ಕೆಟ್ಟಿರಬೇಕು.

ಅಂಚನ್ನು ಯಾರೂ ಓದಲಿಲ್ಲ. ನಿಮ್ಮಪ್ಪನನ್ನು ಟ್ರಾಕ್ಟರಿನಿಂದ ಇಳಿಸಿದರು. ಹಳೆಯವನೆಂದು ಪೂರ್ತಿ ತೆಗೆಯದೆ ಮಾರುಕಟ್ಟೆಯ ಕಸದ ಲಾರಿಗೆ ಹಾಕಿದ್ದಾರೆ. ರಾತ್ರಿ ಪಾಳಿ. ಬೆಳಗಾದ ಮೇಲೆ ಬರುತ್ತಾನೆ, ಕೊಳೆತ ತರಕಾರಿಯ ವಾಸನೆ, ಎರಡು ಸಲ ಸೋಪು ಹಾಕಿದರೂ ಹೋಗುವುದಿಲ್ಲ. "ಕತ್ತಿಗೆ ಆರಾಮ, ಇಲ್ಲಿ ಮುಂದೇನೇ ನೋಡೋದು" ಎನ್ನುತ್ತಾನೆ. ನನಗೆ ಸಮಾಧಾನವಾಗಲಿ ಎಂದು ತಮಾಷೆ ಮಾಡುತ್ತಾನೆ. ಮೊದಲಿನ ಹಾಗೆ ಮುಖ ಗಂಟು ಹಾಕಿಕೊಂಡಿದ್ದರೇ ವಾಸಿಯಿತ್ತು.

ನನ್ನನ್ನೂ ಇಳಿಸಿದರು. ಗೂಡಿನ ಹತ್ತಿರ ಕೈಯಾಡಿಸಿದವರು ಆ ವರ್ಷ ನಡೆಯುವ ಹಾಗಿಲ್ಲವಂತೆ. ಟೀಚರಮ್ಮ ಬೇಜಾರು ಮಾಡಿಕೊಂಡೇ ಹೇಳಿದರು. "ಸರಿಯಾಗೇ ಮಾಡಿದ್ದೀರಿ ಬಿಡಿ" ಎಂದೆ. ಈಗ ದರ್ಜಿ ಎರಡೂ ತುಂಡು ನಡೆಯುತ್ತಾನೆ. ನನ್ನ ಕಾಲು ಆವತ್ತು ಓಡಿದ್ದಕ್ಕೆ ಊದಿಕೊಂಡಿದ್ದು ಇನ್ನೂ ಇಳಿದಿಲ್ಲ. ಗೋಡೆಯ ಮೆಟ್ಟಿಲವರೆಗೆ ಹೋಗಿ ಕೂರುತ್ತೇನೆ. ಅದಕ್ಕೆ ಯಾರ ನಿಯಮವೂ ಇಲ್ಲ.

ಉಳಿದ ಎರಡು ಮೊಟ್ಟೆ ಇನ್ನೂ ಇವೆ.

ಅಜ್ಜಿ


ಮೇ 13

ಮೊಂಡಿ,

ನೀನು ಬರೆಯದಿದ್ದರೂ ನಾನು ಬರೆಯುತ್ತೇನೆ. ನಿನಗೆ ಬೈದು ಬರೆದ ಒಂದು ಕಾಗದವನ್ನು ಹರಿದುಹಾಕಿ ಇದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಒಳ್ಳೊಳ್ಳೆಯ ಬೈಗುಳ ಇತ್ತು. ದಂಡವಾಯಿತು.

ಎರಡೂ ಮೊಟ್ಟೆ ಒಡೆದವು. ಮರಿಗಳು ಹತ್ತಿಯ ಉಂಡೆಗೆ ಕಡ್ಡಿ ಚುಚ್ಚಿದ ಹಾಗಿವೆ. ಹುಟ್ಟಿದ ದಿನವೇ ಓಡುತ್ತವೆ, ಹಾರಲು ಮಾತ್ರ ಇನ್ನೂ ವಾರಗಟ್ಟಲೆ ಬೇಕಂತೆ. ಸದ್ದು ಕೇಳಿದರೆ ಓಡುವುದು ಬಿಟ್ಟು ಮರಳಿಗೆ ಅಂಟಿಕೊಂಡು ಮಲಗುತ್ತವೆ. ಟ್ರಾಕ್ಟರ್ ಸದ್ದಿಗೂ ಹಾಗೇ ಮಲಗುತ್ತವೆ. ಈಗ ಟ್ರಾಕ್ಟರಿಗೆ ಬಂದಿರುವವನು ಹೊಸಬ. ಟೀಚರಮ್ಮ ಹೇಳಿದರೆ, ಕಚೇರಿಯಿಂದ ಚೀಟಿ ತನ್ನಿ ಎನ್ನುತ್ತಾನೆ. ಕಚೇರಿಯಲ್ಲಿ ಕೇಳಿದರೆ, ಮುಂದಿನ ತಿಂಗಳ ಮೀಟಿಂಗಿಗೆ ಬನ್ನಿ ಎನ್ನುತ್ತಾರೆ.

ಹೋದ ವಾರ ಮೆಟ್ಟಿಲ ಮೇಲೆ ಕೂತಿದ್ದೆ. ಪಾಳಿ ಮುಗಿಸಿದ ನಿಮ್ಮಪ್ಪ ಮನೆ ದಾಟಿಕೊಂಡು ಬಂದ. ಲಾರಿಯ ಗಬ್ಬು ಅಂಗಿಯಲ್ಲೇ ಮರಳಿಗಿಳಿದು, ಮರಿಗಳಿಗೂ ಟ್ರಾಕ್ಟರಿಗೂ ನಡುವೆ ಹೋಗಿ ನಿಂತ. ಹೊಸಬ ಹಾರನ್ ಹೊಡೆದ.

"ಏಯ್, ಸರಿ ಆ ಕಡೆ! ತಲೆ ಕೆಟ್ಟಿದ್ಯಾ?"

ನಿಮ್ಮಪ್ಪ ಕೈಕಟ್ಟಿಕೊಂಡು ಕಡಲು ನೋಡುತ್ತಾ ನಿಂತ. ಹೊಸಬ ಇನ್ನೂ ಒಂದಿಷ್ಟು ಬೈದು, ಸುತ್ತಿಕೊಂಡು ಹೋದ. ಮನುಷ್ಯನ ಮೇಲೆ ಹತ್ತಿಸುವ ಹಾಗಿಲ್ಲವಲ್ಲ.

ಮರುದಿನವೂ ಬಂದ. ಅದರ ಮರುದಿನವೂ. ಒಮ್ಮೆ ನಿಂತಲ್ಲೇ ತೂಕಡಿಸಿ ಮುಗ್ಗರಿಸಿದ. "ಮನೆಗೆ ಬಾರೋ, ಬಿದ್ದು ಸಾಯ್ತೀಯ" ಎಂದು ಕೂಗಿದೆ. "ಕೂಗ್ಬೇಡಮ್ಮ, ಮರಿ ಹೆದರ್ತವೆ" ಎಂದ.

ದರ್ಜಿ ಹಾಳೆ ಹಿಡಿದುಕೊಂಡು ನನ್ನ ಹತ್ತಿರ ಬಂದ.

"ಅಜ್ಜೀ, ಜನ ಒಬ್ಬ ಅಂತ ಬರೆದೆ. ಏನು ಮಾಡ್ತಿದ್ದ ಅನ್ನೋದಕ್ಕೆ ಇಲ್ಲಿ ನಡಿಗೆ, ಈಜು, ನಾಯಿ ಜೊತೆ, ಮೀನು ಹಿಡಿಯೋದು ಅಂತ ಅಷ್ಟೇ ಇದೆ. ಇವನಿಗೆ ಏನು ಹಾಕ್ಲಿ?"

"ನಿಂತಿದ್ದ ಅಂತ ಬರಿ."

"ಅಷ್ಟೇನಾ?"

"ಅಷ್ಟೇ. ನಮಗನ್ನಿಸಿದ್ದು ಅಲ್ಲಿ ಬೇಡ."

ಬರೆದ. ನಕಲು ನಿನಗೂ ಬರುತ್ತದೆ. ಇವನು ಯಾರು ಎಂದು ನೀನು ಕೇಳಬಾರದೆಂದು ಮೊದಲೇ ತಿಳಿಸಿದೆ.

ಹೊಸಬನ ಬೈಗುಳ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆ, ಆದರೆ ಯಾರೂ ನಿಂತಿಲ್ಲದಿದ್ದರೆ ಅವನು ಸುತ್ತುವುದಿಲ್ಲ. ದರ್ಜಿಗೆ ಆ ಹೊತ್ತಿಗೆ ತನ್ನ ತುಂಡು. ನನ್ನ ಕಾಲು ಮರಳಿಗಿಳಿದರೆ ಮತ್ತೆ ಮೇಲೆ ಬರುವುದಿಲ್ಲ.

ನಿಮ್ಮಪ್ಪನಿಗೆ ಬರುವ ಭಾನುವಾರ ಪಾಳಿ ಎರಡಂತೆ. ಮಧ್ಯಾಹ್ನದವರೆಗೂ ಲಾರಿ ಬಿಡುವ ಹಾಗಿಲ್ಲ. ಆ ಬೆಳಿಗ್ಗೆ ಅಲ್ಲಿ ಯಾರೂ ಇರುವುದಿಲ್ಲ. ಕನ್ನಡಕದ ಅಂಗಡಿಗೆ ಭಾನುವಾರ ರಜೆ ಅಲ್ಲವೇ?

ಅಜ್ಜಿ